ಸಾಲಿನ ಎತ್ತರ

ಸವಳಂಗ ರಸ್ತೆ, ಟೈರ್ ಅಂಗಡಿಯ ಮೇಲಿನ ಕೋಣೆ.
ರಾತ್ರಿ ಒಂಬತ್ತೂವರೆ. ನಾಲ್ವರು, ಮೂರು ಕುರ್ಚಿ,
ಇನ್ನೂ ಹೆಸರಿಡದ ಒಂದು ಬ್ರೌಸರು.
ಹದಿನಾಲ್ಕು ತಿಂಗಳ ಕೂಸು; ನಡೆಯುತ್ತದೆ, ಬೀಳುತ್ತದೆ,
ಬ್ಯಾಂಕಿನ ಪುಟ ಕಂಡರೆ ಮಾತ್ರ
ಬಾಗಿಲ ಸಂದಿಗೆ ಮುಖ ಒತ್ತಿ ನಿಲ್ಲುತ್ತದೆ.

ಮೊದಲ ಜಗಳ ಹೂವಪ್ಪನದು: ವಿಳಾಸದ ಪಟ್ಟಿ ಕೆಳಗಿರಲಿ,
ಹೆಬ್ಬೆರಳಿಗೆ ಎಟುಕುವಲ್ಲಿ.
"ಬಸ್ಸಲ್ಲಿ ಒಂದು ಕೈ ಕಂಬಿಗೆ ಕೊಟ್ಟವನಿಗೆ
ಉಳಿದದ್ದು ಒಂದೇ ಕೈ ಮಾರಾಯ್ರೆ."
ಅದು ಬೇಗ ಮುಗಿಯಿತು. ಪಟ್ಟಿ ಕೆಳಗಿಳಿಯಿತು.
ಚಹಾ ಬಂತು.

ಎರಡನೆಯದು ಮುಗಿಯಲಿಲ್ಲ.

ಪರೀಕ್ಷೆಯ ಪುಟ ಇನ್ನೂರ ಹನ್ನೊಂದು:
ಸಾಲಿನ ಎತ್ತರ ಒಂದು ಎಂದಿದ್ದಾನೆ ಪುಟ ಬರೆದಾತ.
ಒಂದೆಂದರೆ ಒಂದೇ, ಸ್ಟ್ಯಾಂಡರ್ಡಿನ ಮಾತು ಅದು.
ಕೊಟ್ಟೆವು ನಾವು. ಕೊಟ್ಟೊಡನೆ
"ಸ್ತ್ರೀ"ಯ ತ-ಒತ್ತು, ರ-ಒತ್ತು ಎರಡೂ ಜಾರಿ
ಕೆಳಸಾಲಿನ ತಲೆಕಟ್ಟಿನ ಮೇಲೆ ಕಾಲೂರಿದವು.

"ಸರಿಯಾಗಿದೆ," ಅಂದರು ಮೇಬಲ್ ಮೇಡಂ,
ಮೂವತ್ತು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಸವೆದ ಗಂಟಲು.
"ಬರೆದದ್ದನ್ನು ಬರೆದಂತೆ ತೋರಿಸು.
ನೀನು ಇಲ್ಲಿ ಕೂದಲೆಳೆ ಸಡಿಲ ಬಿಟ್ಟೆ,
ನಾಳೆ ಇನ್ನೊಬ್ಬ ಅಲ್ಲಿ ಬಿಟ್ಟ,
ಮನೆಗೊಂದು ಕೊಳಗ ಇದ್ದ ಕಾಲಕ್ಕೆ ವಾಪಸ್ಸು."

"ಓದಲಾಗದ್ದು ಸರಿ ಹೇಗೆ?" ಫರ್ಹಾನಾ ಎದ್ದಳು,
ಹಗಲೆಲ್ಲ ಸೇವಾ ಕೇಂದ್ರದಲ್ಲಿ ಊರವರ ಅರ್ಜಿ ತುಂಬುವವಳು.
"ಮೊನ್ನೆ ಕಿಟಕಿಗೆ ಬಂದ ಅಜ್ಜಿಗೆ
ತನ್ನ ಹೆಸರು ಎಲ್ಲಿ ಮುಗಿದು
ಗಂಡನ ಹೆಸರು ಎಲ್ಲಿ ಶುರುವೋ ಕಾಣಲಿಲ್ಲ.
ತಪ್ಪು ನಿಮ್ಮ ಕಣ್ಣಿನದು ಅಂತ ಹೇಳಿ ಕಳಿಸಲಾ?"

ಕೆಳದಿಯ ನಾಯಕನ ಶಿಸ್ತನ್ನು ಎಳೆದು ತಂದ ಹೂವಪ್ಪ:
"ಬಗೆಬಗೆಯ ಗದ್ದೆ ತಾನೇ ಉತ್ತು, ಬೆಳೆದು, ಅಳೆದು
ಆಮೇಲಂತೆ ಕಂದಾಯ ಬರೆದದ್ದು.
ಈ ನಿಯಮದವರು ನಮ್ಮ ಗದ್ದೆಗೆ ಇಳಿದದ್ದು ಯಾವಾಗ?
ಒತ್ತಿಲ್ಲದ ಅಕ್ಷರ ಉತ್ತು ನೋಡಿ
ಒತ್ತಿಗೂ ಕಟ್ಟಿದರು ಅದೇ ತೆರಿಗೆ."

"ಹಾಗಾದರೆ ಬರೀರಿ ಅವರಿಗೆ."
"ಬರೆದಿದ್ದೀವಿ ಮೇಡಂ."
"ಏನಂದರು?"
"ಉದಾಹರಣೆ ಕೊಡಿ ಅಂದರು."

ಮತ ಹಾಕಿದೆವು. ಎರಡು, ಎರಡು.
ನನ್ನ ಕೈ ಯಾವ ಕಡೆ ಎದ್ದಿತ್ತೋ ಹೇಳುವುದಿಲ್ಲ;
ಆ ಸಾಲಿನ ಲೆಕ್ಕ ಬರೆದವ ನಾನೇ.

ಬೆಳಿಗ್ಗೆ ಆರೂಕಾಲು, ಖಾಸಗಿ ಬಸ್ ನಿಲ್ದಾಣ.
ಬಸ್ಸಿನ ಹಣೆಗೆ ಹಲಗೆ: ತೀರ್ಥಹಳ್ಳಿ, ಅದರ ಕೆಳಗೆ ಕೊಪ್ಪ.
ಇರುವ ಜಾಗ ಒಂದು ಗೇಣು. ಬಣ್ಣ ಬರೆದವ ಯಾರೋ
ಕೊಪ್ಪವನ್ನು ಎಡಕ್ಕೆ ನಾಲ್ಕು ಬೆರಳು ಸರಿಸಿದ್ದಾನೆ;
ಹಳ್ಳಿಯ ಳ-ಒತ್ತು ಬಲದ ತುದಿಯಲ್ಲಿ
ಬರಿಗಾಳಿಗೆ ಕಾಲಾಡಿಸುತ್ತ ಕೂತಿದೆ.

ಫೋಟೋಕ್ಕೆಂದು ಹಿಂದೆ ಹಿಂದೆ ಸರಿದೆ.
"ಹತ್ತೋದಾದ್ರೆ ಹತ್ತಿ. ಬೋರ್ಡು ಓದೋಕೆ ಇಷ್ಟು ಹೊತ್ತಾ?"
ಹಾರನ್ ಹೊಡೆದು ಹೊರಟೇಬಿಟ್ಟ.

ಚಿತ್ರದಲ್ಲಿ ಬಸ್ಸು ಅಲುಗಿದೆ, ಕೊಪ್ಪ ಮಸುಕು.
ಕಳಿಸಬೇಕೋ ಬೇಡವೋ.
"ಉದಾಹರಣೆ ಒಂದು" ಎಂದು ಹೆಸರಿಟ್ಟು
ಇಟ್ಟುಕೊಂಡಿದ್ದೇನೆ.