ಅರ್ಧ ಸ್ವರ

ಮಂಗಳವಾರ ಸಂಜೆ ಏಳಕ್ಕೆ ಬೈಕುಲಾದ ಶಾಲೆಯ ಹಾಲಿನಲ್ಲಿ
ಮಕ್ಕಳ ಬೆಂಚು ಗೋಡೆಗೆ ಸರಿಸಿ ನಿಲ್ಲುತ್ತೇವೆ, ಮೂವತ್ತೊಂದು ಮಂದಿ.
ಹಲ್ಲಿನ ಡಾಕ್ಟರು, ಲೋಕಲ್ ಓಡಿಸುವ ಗಾವಡೆ,
ಮಜಗಾಂವ್ ಬೇಕರಿಯ ಆನ್ಸೆಲ್ಮ್, ಗಡ್ಡದಲ್ಲಿನ್ನೂ ಮೈದಾ,
ವಿಮೆ ಕಚೇರಿಯಿಂದ ನಾನು. ಡಬ್ಬಿ ಖಾಲಿ, ಹೊಟ್ಟೆಯೂ.
ಫ್ರೇನಿಬಾಯಿ ಕಾಂಗಾ ಬೆರಳೆತ್ತಿದರೆ
ಫ್ಯಾನು ಕೂಡ ತುಸು ಅಂಜಿ ತಿರುಗುತ್ತದೆ.

ನಾನು ಎರಡನೇ ಆಲ್ಟೊ. ಎಂದರೆ ರಾಗ ನಮ್ಮ ಪಾಲಿಗಿಲ್ಲ.
ರಾಗ ಸೊಪ್ರಾನೊಗಳ ಮನೆಮಗಳು,
ನಾವು ಅವಳ ಮದುವೆಗೆ ಹಪ್ಪಳ ಕರಿಯುವವರು.
ಹದಿನಾರು ಮಾತ್ರೆ ಒಂದೇ ಸ್ವರ, ತಂಬೂರಿಯ ಹಾಗೆ.
ತಂಬೂರಿಗಾದರೂ ಒಂದು ಗವಸಿದೆ.

ಅಮೆರಿಕದ ಇನ್ನೂರೈವತ್ತು ವರ್ಷ, ಒಂದೂವರೆ ಗಂಟೆಯಲ್ಲಿ,
ನಡುವೆ ಚಹಾ.

ಮೊದಲನೆಯದು ಯಾರೋ ಹಗಲೆಲ್ಲ ಕೈಗೆಲಸ ಮಾಡಿ ರಾತ್ರಿ ಬರೆದದ್ದಂತೆ.
ಬಾಸಿನವರು ಮೊದಲು ಓಡುತ್ತಾರೆ, ಬೆನ್ನಿಗೆ ಟೆನರು, ಆಮೇಲೆ ನಾವು,
ದಾದರಿನ ಸೇತುವೆ ಇಳಿಯುವವರ ಹಾಗೆ,
ಕೊನೆಗೆ ಎಲ್ಲರೂ ಒಂದೇ ಡಬ್ಬಿಯಲ್ಲಿ ಏದುಸಿರು.

ಎರಡನೆಯದರ ಪುಸ್ತಕ ಓದುಬಾರದ ಹಳ್ಳಿಗರಿಗೆ.
ಸ್ವರದ ತಲೆಗೊಂದೊಂದು ಆಕಾರ:
ತ್ರಿಕೋನ ಫಾ, ದುಂಡನೆ ಸೋ, ಚೌಕ ಲಾ, ವಜ್ರದಂಥ ಮೀ.
ನನಗೆ ಕಂಡದ್ದು ದೀಪಾವಳಿಯ ತಟ್ಟೆ:
ಸಮೋಸ, ಚಕ್ಕುಲಿ, ಬರ್ಫಿ, ಶಂಕರಪಾಳಿ.
ಹಸಿದು ಹಾಡಿದೆ. ಒಂದೂ ತಪ್ಪಲಿಲ್ಲ.

ಮೂರನೆಯದಕ್ಕೆ ಬರೆದವರ ಹೆಸರಿಲ್ಲ.
ಹತ್ತಿಯ ಹೊಲ, ಬೆನ್ನು, ನದಿ, ಆಚೆ ದಡ.
"ನಗಬೇಡಿ, ತೂಗಾಡಬೇಡಿ," ಎಂದರು ಫ್ರೇನಿಬಾಯಿ,
"ಅಳಲೂಬೇಡಿ. ಆ ಅಳು ನಮ್ಮ ಸಂಪಾದನೆಯಲ್ಲ."
"ಹಾಗಾದರೆ ನಾವು ಯಾಕೆ ಹಾಡಬೇಕು?" ಎಂದಳು ಕಾಲೇಜು ಹುಡುಗಿ ಸದಫ್.
ಪುಟ ತಿರುವಿದರು ಕೆಲವರು. ನೀರು ಕುಡಿದರು.
ಆಗ ಬಾಸ್ ಸಾಲಿನ ತುದಿಯಿಂದ ಗಾವಡೆ, ಎಂದೂ ಬಾಯಿಬಿಡದವನು:
"ನಮ್ಮಜ್ಜಿ ಒಡೆಯರ ಅಂಗಳದಲ್ಲಿ ಬೀಸುವಾಗ ವಿಠ್ಠಲನನ್ನು ಹಾಡುತ್ತಿದ್ದಳು.
ಎಂಥ ಭಕ್ತಿ ಎಂದು ಒಡೆಯ ತಲೆದೂಗುತ್ತಿದ್ದ.
ವಿಠ್ಠಲನೆಂದರೆ ರಾಗಿ.
ಎಷ್ಟು ಸೇರು, ಯಾವ ಗೋಡೆಯ ಬದಿ,
ಹೊರಗೆ ನಿಂತ ತಂಗಿಗೆ ತಿಳಿಸುವುದು."
ಅಷ್ಟು ಹೇಳಿ ಕೆಮ್ಮಿದ.
ಮುಂದಿನ ವಾರದಿಂದ ಆ ನದಿಯನ್ನು ಮೆಲ್ಲಗೆ ಹಾಡಿದೆವು,
ಗೋಡೆಯಾಚೆ ಯಾರೋ ಕೇಳಿಸಿಕೊಳ್ಳಬೇಕಾದಂತೆ,
ಇನ್ನಾರೋ ಕೇಳಿಸಿಕೊಳ್ಳಬಾರದಂತೆ.

ಡಿಸೆಂಬರಿನ ಶನಿವಾರ. ಕುರ್ಚಿಗಳು ಮುಕ್ಕಾಲು ತುಂಬಿದ್ದವು.
ನನ್ನ ಹಾಳೆಯಲ್ಲಿ ಇಂಗ್ಲಿಷಿನ ನೆತ್ತಿಯ ಮೇಲೆ ಪೆನ್ಸಿಲಿನ ಕನ್ನಡ,
ದೀರ್ಘ ಎಲ್ಲಿ, ಉಸಿರು ಎಲ್ಲಿ,
ಕೊನೆಯ 'ಡ್' ಎಲ್ಲರೂ ಒಟ್ಟಿಗೆ ನುಂಗುವುದೆಲ್ಲಿ.
ನದಿಯ ನಟ್ಟನಡುವೆ, ಮೌನದ ಮಾತ್ರೆಯಲ್ಲೇ,
ಹಾಲಿನ ಹಿಂದೆ ಗಾಡಿ ಹಾಯಿತು. ಕಿಟಕಿ ನಡುಗಿತು.
ಗಾವಡೆ ಕಣ್ಣುಮುಚ್ಚಿಯೇ ಗುರುತಿಸಿದ, ತುಟಿಯಲ್ಲಿ ಕಂಡೆ:
ಕಲ್ಯಾಣ್ ಫಾಸ್ಟ್.

ನಿಲ್ಲದೆ ಕೊನೆಯದಕ್ಕೆ ಹೊರಳಿದೆವು. ಅದು ಹೋದ ವರ್ಷದ್ದು.
ಮಾತಿಲ್ಲ, ಬರೀ ಅ, ಓ, ಊ,
ಅದರಲ್ಲಿ ಏಳು ಮಾತ್ರೆ ರಾಗ ಎರಡನೇ ಆಲ್ಟೊಗಳಿಗೆ!
ಏಳೇ. ನಾಲ್ಕು ತಿಂಗಳು ಮೀಯುವಾಗ ಹಾಡಿದ್ದೆ.
ಬಂದಿತು. ತಂಬೂರಿಯ ಚಟ,
ಒಂದೇ ಸ್ವರದಲ್ಲಿ ನಿಂತುಬಿಟ್ಟೆ.
ಪಕ್ಕದ ಐರಿನ್ ಅದನ್ನೆತ್ತಿಕೊಂಡು ಆಚೆ ದಾಟಿಸಿದಳು.

ಚಪ್ಪಾಳೆಯ ಮರೆಯಲ್ಲಿ ಫ್ರೇನಿಬಾಯಿ
ಕೈಚೀಲದಿಂದ ಶ್ರುತಿಯ ಪೀಪಿ ತೆಗೆದು
ಜನರಿಗೆ ಬೆನ್ನುಹಾಕಿ ಊದಿನೋಡಿದರು.
ಅರ್ಧ ಸ್ವರ ಕೆಳಗೆ ಬಂದಿದ್ದೆವು.
ಎಲ್ಲಿ ಇಳಿದದ್ದು? ನದಿಯಲ್ಲೋ, ಗಾಡಿಯ ಸದ್ದಿನಲ್ಲೋ?
ಎಲ್ಲರೂ ಕೂಡಿ ಇಳಿದದ್ದಕ್ಕೆ ಕೇಳಿದವರಿಗೆ ಗೊತ್ತಾಗಲಿಲ್ಲ,
ನಮಗೂ.
ಬಾಯಿ ಏನನ್ನೂ ಅನ್ನಲಿಲ್ಲ, ಪೀಪಿಯನ್ನು ಕರವಸ್ತ್ರದಲ್ಲಿ ಸುತ್ತಿಟ್ಟರು.

ಆನ್ಸೆಲ್ಮ್ ತಂದ ಪಾವ್ ಮುಗಿಯುವ ಮೊದಲೇ ಗಾವಡೆ ಹೊರಟಿದ್ದ,
ರಾತ್ರಿ ಪಾಳಿ.
ನಾನು ಹತ್ತೂ ನಲವತ್ತರ ಗಾಡಿ ಹಿಡಿದೆ.
ಮುಂದೆ ಓಡಿಸುತ್ತಿದ್ದವನು ಅವನೇ ಏನೋ, ಗೊತ್ತಿಲ್ಲ.
ಕುರ್ಲಾ ದಾಟುವಾಗ ಹಾರ್ನು ಮಾತ್ರ
ತುಸು ಕೆಳಗೇ ಇತ್ತು.