ನಲವತ್ತರ ಬಲ್ಬು

ಉಪ್ಪಳ, ಮೀನುಪೇಟೆಯ ಹಿಂದಿನ ಮನೆ.
ಮಗನ ಮದುವೆಗೆ ಹಾಕಿಸಿದ ಡಿಮ್ಮರು,
ಮೊನ್ನೆ ಸಿಕ್ಕಿಸಿದ ನಾಲ್ಕು ಎಲ್‌ಇಡಿ;
ಇಳಿಸಿದರೆ ಸಾಕು, ಪಿಳಿಪಿಳಿ.
“ಸೋಂಕೋ ಏನೋ,” ಅಂದರು ಉಮ್ಮಾಲಿಮ್ಮ.

ತಂತಿ ಸರಿಯಿದೆ. ಬಲ್ಬಿನ ತಪ್ಪೂ ಅಲ್ಲ,
ಇವು ತಿನ್ನುವುದೇ ಇಷ್ಟಿಷ್ಟು.
ಇನ್ನೂರು ವಾಟಿನ ಹಸಿವಿಗೆ ಬಡಿಸಿದ ಕೈ
ಇಪ್ಪತ್ತಕ್ಕೆ ತಡೆದು ತಡೆದು ಬಡಿಸುತ್ತದೆ.

ಹೊಂದುವ ಡಿಮ್ಮರು ಕಲ್ಲಿಕೋಟೆಯಿಂದ ಬರಬೇಕು, ಶುಕ್ರವಾರ.
ಅಲ್ಲಿವರೆಗೆ?
ಕೋಳಿಮರಿಗಳ ಪೆಟ್ಟಿಗೆಯಿಂದ
ನಲವತ್ತರ ಹಳೇ ಬಲ್ಬು ಬಿಚ್ಚಿ ತಂದರು,
ತಲೆವಸ್ತ್ರದ ತುದಿಯಲ್ಲಿ ಹಿಡಿದು, ಇನ್ನೂ ಬಿಸಿ.

ಒಂದು ಎಲ್‌ಇಡಿ ತೆಗೆದು ಅದನ್ನು ತಿರುಪಿದೆ.
ನಿಂತಿತು.
ಕೋಣೆಯ ಒಂದು ಮೂಲೆ ಮಾತ್ರ ಹಳದಿ.

ಉಮ್ಮಾಲಿಮ್ಮ ಪೆಟ್ಟಿಗೆಯನ್ನು
ಆ ಹಳದಿಯ ಕೆಳಗೆ ದೂಡಿದರು.
ಬಿಸಿ ಅಷ್ಟು ಕೆಳಗಿಳಿಯುವುದಿಲ್ಲ.
ನಾನು ಹೇಳಲಿಲ್ಲ,
ಮರಿಗಳು ಹೇಳಿದವು.
ಪೆಟ್ಟಿಗೆ ಮೇಜಿಗೇರಿತು.