ಕೊಯ್ದ ಫಿಲ್ಟರ್

ಪೈವಳಿಕೆಯ ಕೆಂಪುಕಲ್ಲ ಕೋರೆಯಲ್ಲಿ
ಎತ್ತಿದ ಕೈ ಎತ್ತಿದಲ್ಲೇ ನಿಂತಿತ್ತು ಜೆಸಿಬಿ.

"ಡೀಸೆಲಲ್ಲಿ ತೊಳೆದು ಪುನಃ ಹಾಕು ಮಾರಾಯ,
ಹೊಸತಕ್ಕೆ ಮಂಗಳೂರಿಗೇ ಹೋಗಬೇಕು" –
ಅಂದ್ರುಮಾನ್ ಹಾಜಿಯ ಅವಸರ.

ಐತಪ್ಪಣ್ಣ ಮಾತಾಡಲಿಲ್ಲ. ಹ್ಯಾಕ್ಸಾದಲ್ಲಿ
ಡಬ್ಬಿ ಕೊಯ್ದು, ನೆರಿಗೆ ನೆರಿಗೆ ಬಿಡಿಸಿ
ಬಿಸಿಲಿಗೆ ಹಿಡಿದು ಓದಿದ:

ಈ ಕರಿ, ಸೀಲಿನ ರಬ್ಬರು.
ಇದು ನಮ್ಮದೇ ಮಣ್ಣು.
ಈ ಮಿಣುಕು ಉಂಟಲ್ಲ, ಹಿತ್ತಾಳೆ –
ಪಂಪು ತನ್ನನ್ನೇ ತಿನ್ನುತ್ತಾ ಉಂಟು ಹಾಜಿಯಾರೇ.
ಕೂದಲಿನ ಏಳರಲ್ಲೊಂದು ಪಾಲು ಸಪುರ,
ಈ ಕಾಗದಕ್ಕೆ ಮಾತ್ರ ಸಿಕ್ಕಿಬಿದ್ದದ್ದು.

ಹಾಜಿ ಮಂಗಳೂರಿಗೆ ಫೋನು ಹಚ್ಚಿದರು.

ಸಂಜೆ ಬಾವಿಕಟ್ಟೆಯಲ್ಲಿ ಮೂಗು ಸೀನಿ
ಬೈರಾಸಿನ ಕೆಂಪು ಕಲೆಯನ್ನು
ಬೆಳಕಿಗೆ ಹಿಡಿದ ಐತಪ್ಪಣ್ಣ,
ಮಿಣುಕು ಉಂಟೋ ಎಂದು.

ಇಲ್ಲ. ಬರೀ ಮಣ್ಣು.
ತೊಳೆದು, ಹಿಂಡಿ,
ಪುನಃ ಹೆಗಲಿಗೆ ಹಾಕಿಕೊಂಡ.